ಹೊಗೆಯ ಹಾದಿ: ಮನೆಯ ಶೆಡ್ಡಿನಲ್ಲಿ ಟರ್ಬೊ ಹೆಡರ್

ಹೆಡರ್ ಕೈಗೆ ಬಂದಾಗ ಇನ್ನೂ ಬೆಚ್ಚಗಿತ್ತು. ನಾಲ್ಕು ಕೊಳವೆಗಳು ಬಂದು ಒಂದಾಗುವ ಕವಲಿನ ಸಂದಿಯಲ್ಲಿ ಕೂದಲೆಳೆಯಂಥ ಬಿರುಕು. ಅದರ ಎರಡೂ ಅಂಚಿಗೆ ಕಾಡಿಗೆ ತೀಡಿದಂತೆ ಮಸಿ. ಒಳಗಿನಿಂದ ಟಾರ್ಚ್ ಹಿಡಿದರೆ ಆ ಗೆರೆಯುದ್ದಕ್ಕೂ ಬೆಳಕು ಹೊರಗೆ ಇಣುಕುತ್ತಿತ್ತು. ಟ್ರ್ಯಾಕ್ ಓಟಕ್ಕೆಂದೇ ಇಟ್ಟುಕೊಂಡ ಹಳೆಯ ಕಾರೊಂದಕ್ಕೆ ನಾನೂ ನನ್ನ ಗೆಳೆಯನೂ ಸೇರಿ ಮೂರು ತಿಂಗಳ ಭಾನುವಾರಗಳನ್ನು ಹಾಕಿ ಕಟ್ಟಿದ್ದ ಹೆಡರ್ ಅದು. ನಾಲ್ಕೂ ಕೊಳವೆಗಳ ಉದ್ದವನ್ನು ದಾರ ಹಿಡಿದು ಅಳೆದು, ಮಿಲಿಮೀಟರ್ ಲೆಕ್ಕದಲ್ಲಿ ಸರಿದೂಗಿಸಿದ್ದೆವು. ಬೆಂಗಳೂರಿನ ಪೀಣ್ಯದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವ ಮೇಸ್ತ್ರಿಯೊಬ್ಬರಿಗೆ ತೋರಿಸಿದೆವು. ಅವರು ಉದ್ದವನ್ನು ನೋಡಲೇ ಇಲ್ಲ. ಕೊಳವೆಯೊಳಗೆ ಬೆರಳು ತೂರಿಸಿ, ಬೆಸುಗೆಯ ಹಿಂಬದಿಯನ್ನು ಸವರಿ, “ಒಳಗೆ ಗ್ಯಾಸ್ ಬಿಟ್ಟಿರಲಿಲ್ಲ ಅಲ್ವಾ ಸಾರ್?” ಎಂದಷ್ಟೇ ಕೇಳಿದರು. ಬಿಟ್ಟಿರಲಿಲ್ಲ. ಬೆಸುಗೆಯ ಒಳಮೈ ಪಾಕ ಕೆಟ್ಟು ಹರಳುಗಟ್ಟಿದ ಸಕ್ಕರೆಯ ಹಾಗೆ ಒರಟಾಗಿ, ಕಪ್ಪಗೆ ಎದ್ದಿತ್ತು.

ನಾವು ಮುಖ್ಯವೆಂದುಕೊಂಡಿದ್ದ ಪ್ರಶ್ನೆ ಒಂದು, ಲೋಹ ನಮ್ಮನ್ನು ಕೇಳುತ್ತಿದ್ದ ಪ್ರಶ್ನೆ ಇನ್ನೊಂದು. ಟರ್ಬೊ ಹೆಡರನ್ನು ಮನೆಯಲ್ಲೇ ಕಟ್ಟುವವರ ನಡುವೆ ಅಮೆರಿಕ, ಆಸ್ಟ್ರೇಲಿಯ, ಜಪಾನ್‌ಗಳ ಗ್ಯಾರೇಜುಗಳಲ್ಲಿ ದಶಕಗಳಿಂದ ನಡೆದಿರುವ ವಾದವೂ ಹೆಚ್ಚುಕಡಿಮೆ ಹೀಗೆಯೇ. ಕೊಳವೆಗಳು ಉದ್ದವಿರಬೇಕೋ ಗಿಡ್ಡವಿರಬೇಕೋ, ಸಮವಿರಬೇಕೋ ಹೇಗಿದ್ದರೂ ನಡೆದೀತೋ, ತೆಳ್ಳಗಿರಬೇಕೋ ದಪ್ಪಗಿರಬೇಕೋ ಎಂಬ ಒಂದೊಂದು ಪ್ರಶ್ನೆಗೂ ಒಂದೊಂದು ಪಂಥವಿದೆ. ಪ್ರತಿ ಪಂಥದ ಬಳಿಯೂ ಒಂದು ತುಂಡು ಸತ್ಯವಿದೆ.

ಹೆಡರಿನ ಕೆಲಸವೇನು

ಎಂಜಿನ್ನಿನ ಪ್ರತಿ ಸಿಲಿಂಡರಿನಿಂದ ಹೊರಬೀಳುವ ಹೊಗೆಯನ್ನು ಒಟ್ಟುಗೂಡಿಸಿ ಒಂದೇ ಬಾಯಿಗೆ ತಂದು ಮುಟ್ಟಿಸುವ ಕೊಳವೆಗಳ ಗೊಂಚಲಿಗೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ಕಾರ್ಖಾನೆಯಿಂದ ಬರುವುದು ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಒಂದೊಂದು ಸಿಲಿಂಡರಿಗೆ ಒಂದೊಂದು ಕೊಳವೆಯಿಟ್ಟು, ಬಾಗಿಸಿ, ಬೆಸೆದು ಮಾಡಿದ್ದಕ್ಕೆ ಹೆಡರ್ ಎಂಬ ಹೆಸರು ರೂಢಿ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೆಡರಿನ ಆಚೆಗೆ ಸೈಲೆನ್ಸರ್ ಇರುತ್ತದೆ. ಟರ್ಬೊ ಇದ್ದರೆ ಹೆಡರಿನ ತುದಿಯಲ್ಲಿ ಒಂದು ಟರ್ಬೈನ್ ಕೂತಿರುತ್ತದೆ. ಹೊಗೆ ಅದನ್ನು ನಿಮಿಷಕ್ಕೆ ಲಕ್ಷಕ್ಕೂ ಮೀರಿದ ಸುತ್ತು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತದೆ.

ಹೊಗೆ ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿದು ಬರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದ ಗಳಿಗೆಯಲ್ಲಿ ಸಿಲಿಂಡರಿನೊಳಗೆ ಇನ್ನೂ ವಾತಾವರಣದ ಹಲವು ಪಟ್ಟು ಒತ್ತಡವಿರುತ್ತದೆ. ಆ ಒತ್ತಡ ಒಮ್ಮೆಲೇ ಚಿಮ್ಮುತ್ತದೆ, ಆಮೇಲೆ ಪಿಸ್ಟನ್ ಉಳಿದದ್ದನ್ನು ತಳ್ಳುತ್ತದೆ. ಹಾಗಾಗಿ ಟರ್ಬೈನಿಗೆ ಬರುವುದು ನಾಡಿಯ ಹಾಗೆ ಮಿಡಿತ ಮಿಡಿತವಾಗಿ. ಈ ಮಿಡಿತದ ಏಟನ್ನು ಹಾಗೆಯೇ ಟರ್ಬೈನಿಗೆ ಮುಟ್ಟಿಸಬೇಕೇ, ಇಲ್ಲವೇ ದೊಡ್ಡ ಕೊಳವೆಯೊಂದರಲ್ಲಿ ಎಲ್ಲವನ್ನೂ ಕಲೆಸಿ ನೆಮ್ಮದಿಯ ಹರಿವಾಗಿಸಿ ಕಳಿಸಬೇಕೇ? ಎಲ್ಲ ಪಂಥಗಳೂ ಕವಲೊಡೆದದ್ದು ಈ ಒಂದು ಪ್ರಶ್ನೆಯಿಂದ.

ಹಡಗಿನಿಂದ ಕಾರಿನವರೆಗೆ

ಪ್ರಶ್ನೆ ಹುಟ್ಟಿದ್ದು ಕಾರಿನಲ್ಲಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಹೊಗೆಯ ಬಲದಿಂದ ಗಾಳಿ ತುಂಬುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದು ಕೆಲಸಕ್ಕೆ ಬರುವಷ್ಟು ಪಳಗಲು ಇಪ್ಪತ್ತು ವರ್ಷ ಹಿಡಿಯಿತು. 1920ರ ದಶಕದಲ್ಲಿ ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಪ್ರಯಾಣಿಕರ ಹಡಗುಗಳಲ್ಲಿ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳ ಶಕ್ತಿ ಟರ್ಬೊದಿಂದಾಗಿ 1,750ರಿಂದ 2,500 ಅಶ್ವಶಕ್ತಿಗೆ ಏರಿತು. 1925ರಲ್ಲಿ ಬ್ಯೂಕಿ ಇನ್ನೊಂದು ಪೇಟೆಂಟ್ ತೆಗೆದುಕೊಂಡ. ಇಂದಿನ ಹೆಡರ್ ಕಟ್ಟುವವರಿಗೆ ಮೊದಲನೆಯದಕ್ಕಿಂತ ಇದೇ ಹತ್ತಿರದ್ದು. ಸಿಲಿಂಡರುಗಳನ್ನು ಗುಂಪು ಮಾಡಿ, ಗುಂಪಿಗೊಂದರಂತೆ ಬೇರೆ ಬೇರೆ ಸಣ್ಣ ಕೊಳವೆಗಳಲ್ಲಿ ಹೊಗೆಯನ್ನು ಟರ್ಬೈನಿಗೆ ಒಯ್ಯುವ ಏರ್ಪಾಡು ಅದು. ಒಂದರ ಮಿಡಿತ ಇನ್ನೊಂದಕ್ಕೆ ಅಡ್ಡ ಬರಬಾರದು ಎಂಬುದು ಅದರ ತಿರುಳು.

ಅಮೆರಿಕದಲ್ಲಿ ದಾರಿ ಬೇರೆಯಿತ್ತು. 1918ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫರ್ಡ್ ಮಾಸ್ ವಿಮಾನದ ಲಿಬರ್ಟಿ ಎಂಜಿನ್ನೊಂದನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, 14,000 ಅಡಿಗೂ ಮೇಲಕ್ಕೆ ಸಾಗಿಸಿ, ಅಲ್ಲಿನ ತೆಳು ಗಾಳಿಯಲ್ಲೂ ಸಮುದ್ರಮಟ್ಟದ ಶಕ್ತಿಯನ್ನು ಟರ್ಬೊದಿಂದ ಹೊರಡಿಸಿ ತೋರಿಸಿದ. ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕೊರ್ವೇರ್ ಮೊನ್ಜಾ ಸ್ಪೈಡರ್‌ಗಳ ಜೊತೆ. 1970ರ ದಶಕದಲ್ಲಿ ಬಿ.ಎಂ.ಡಬ್ಲ್ಯು. 2002 ಟರ್ಬೊ, ಪೋರ್ಶೆ 911 ಟರ್ಬೊ, ಸಾಬ್ 99 ಟರ್ಬೊ ಸಾಲಾಗಿ ಬಂದವು. 1977ರಲ್ಲಿ ರೆನೊ ಟರ್ಬೊ ಎಂಜಿನ್ನಿನೊಂದಿಗೆ ಫಾರ್ಮುಲಾ ಒನ್‌ಗೆ ಇಳಿದು, 1979ರಲ್ಲಿ ತನ್ನದೇ ನೆಲದ ಡಿಜೋನ್‌ನಲ್ಲಿ ಗೆದ್ದಿತು.

ಮನೆಯಲ್ಲಿ ಕಟ್ಟುವ ಹವ್ಯಾಸ ಬೆಳೆದದ್ದು ಇದರ ಬೆನ್ನಿಗೆ. ಗುಜರಿಯಲ್ಲಿ ಹಳೆಯ ಟರ್ಬೊಗಳು ಅಗ್ಗವಾಗಿ ಸಿಗತೊಡಗಿದವು, ಚಿಕ್ಕ ವೆಲ್ಡಿಂಗ್ ಮೆಷಿನ್ನುಗಳು ಮನೆಯ ಕರೆಂಟಿಗೆ ಒಗ್ಗಿಕೊಂಡವು. 1989ರಲ್ಲಿ ಬಂದ ಮಾಜ್ಡಾ ಎಂ.ಎಕ್ಸ್-5 ಎಂಬ ಪುಟ್ಟ ಎರಡಾಸನದ ಕಾರು ಈ ಹವ್ಯಾಸಕ್ಕೆ ಪಾಠಶಾಲೆಯೇ ಆಯಿತು. ಗಟ್ಟಿಮುಟ್ಟಾದ ಎಂಜಿನ್, ಕಡಿಮೆ ಬೆಲೆ, ಆದರೆ ಕಾರ್ಖಾನೆಯ ಟರ್ಬೊ ಇಲ್ಲ. ಅದಕ್ಕೆ ಟರ್ಬೊ ಹಾಕಿದವರಲ್ಲಿ ಕಾರ್ಕಿ ಬೆಲ್ ಒಬ್ಬರು. 1997ರಲ್ಲಿ ಬಂದ ಅವರ ‘ಮ್ಯಾಕ್ಸಿಮಮ್ ಬೂಸ್ಟ್’ ಪುಸ್ತಕ ಎಷ್ಟೋ ಶೆಡ್ಡುಗಳಲ್ಲಿ ಗ್ರೀಸಿನ ಬೆರಳಚ್ಚು ಹೊತ್ತು ಕೂತಿದೆ.

ಸಮಾನ ಉದ್ದದವರ ಪಂಥ

ಕಣ್ಣಿಗೆ ಅತಿ ಚೆಂದ ಕಾಣುವುದು ಈ ಪಂಥದ ಕೆಲಸ. ನಾಲ್ಕು ಕೊಳವೆಗಳು ಹಾವಿನ ಹೆಡೆಯಂತೆ ಎದ್ದು, ಒಂದರ ಕೆಳಗೊಂದು ನುಸುಳಿ, ಚೂಪಾದ ಕಲೆಕ್ಟರಿನಲ್ಲಿ ಸೇರುತ್ತವೆ. ಒಳಗಿನ ಸಿಲಿಂಡರುಗಳು ಟರ್ಬೊಗೆ ಹತ್ತಿರ, ಹೊರಗಿನವು ದೂರ. ಹತ್ತಿರದವುಗಳನ್ನು ಬೇಕೆಂದೇ ಸುತ್ತು ಹಾಕಿಸಿ ಎಲ್ಲ ಕೊಳವೆಗಳ ಉದ್ದವನ್ನು ಸಮ ಮಾಡುತ್ತಾರೆ. ಹಾಗೆ ಮಾಡಿದರೆ ಮಿಡಿತಗಳು ಸಮ ಅಂತರದಲ್ಲಿ ಬಂದು ಟರ್ಬೈನನ್ನು ಒಂದೇ ಲಯದಲ್ಲಿ ತಟ್ಟುತ್ತವೆ, ಯಾವ ಸಿಲಿಂಡರೂ ಇನ್ನೊಂದರ ಹೊಗೆಯಿಂದ ಉಸಿರು ಕಟ್ಟಿಸಿಕೊಳ್ಳುವುದಿಲ್ಲ ಎಂಬುದು ಅವರ ವಾದ.

ಉದ್ದದ ವ್ಯತ್ಯಾಸ ಕಿವಿಗೆ ಕೇಳುತ್ತದೆ ಎಂಬುದಕ್ಕೆ ಸುಬಾರು ಕಾರುಗಳೇ ಸಾಕ್ಷಿ. ಅವುಗಳ ಬಾಕ್ಸರ್ ಎಂಜಿನ್ನಿನ ಪ್ರಸಿದ್ಧವಾದ ಗುಡುಗುಡು ಸದ್ದು ಬಂದದ್ದು ಎರಡು ಬದಿಯ ಕೊಳವೆಗಳ ಉದ್ದ ಬೇರೆ ಬೇರೆ ಇದ್ದುದರಿಂದ. ಸಮಾನ ಉದ್ದದ ಹೆಡರ್ ಹಾಕಿದ ದಿನ ಆ ಸದ್ದು ಮಾಯವಾಗಿ ಸಾಧಾರಣ ನಾಲ್ಕು ಸಿಲಿಂಡರಿನ ದನಿ ಉಳಿಯುತ್ತದೆ.

ಕಿವಿಗೆ ಕೇಳಿದ್ದೆಲ್ಲ ಟರ್ಬೈನಿಗೂ ಅಷ್ಟೇ ಮುಖ್ಯವೇ? ಇಲ್ಲಿ ಒಂದು ಲೆಕ್ಕ ಹಾಕಿ ನೋಡಬೇಕು. 800 ಡಿಗ್ರಿಯ ಹೊಗೆಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 640 ಮೀಟರ್ ಓಡುತ್ತದೆ. ಎರಡು ಕೊಳವೆಗಳ ನಡುವೆ 200 ಮಿಲಿಮೀಟರ್, ಅಂದರೆ ಒಂದು ಗೇಣಿನಷ್ಟು ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳಿ. ಆ ದೂರಕ್ಕೆ ಅಲೆಗೆ ಬೇಕಾಗುವುದು 0.3 ಮಿಲಿಸೆಕೆಂಡು. ನಿಮಿಷಕ್ಕೆ 6,000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಮಿಡಿತಗಳ ನಡುವಿನ ಅಂತರ 5 ಮಿಲಿಸೆಕೆಂಡು. ಕ್ರ್ಯಾಂಕಿನ ಕೋನದಲ್ಲಿ ಹೇಳಿದರೆ 180 ಡಿಗ್ರಿಯ ಅಂತರದಲ್ಲಿ 11 ಡಿಗ್ರಿಯ ಏರುಪೇರು. ಇದು ಶೂನ್ಯವಲ್ಲ, ಆದರೆ ಇದಕ್ಕಾಗಿ ಮೂರು ತಿಂಗಳ ಭಾನುವಾರ ಕೊಡಬೇಕೇ ಎಂದು ನಾನು ಇಂದು ಕೇಳುತ್ತೇನೆ.

ಸಮಾನ ಉದ್ದದ ಮೋಹ ಬಹುಪಾಲು ಟರ್ಬೊ ಇಲ್ಲದ ಎಂಜಿನ್ನಿನಿಂದ ಬಂದ ಬಳುವಳಿ. ಅಲ್ಲಿ ಕೊಳವೆಯ ತೆರೆದ ತುದಿಗೆ ಬಡಿದ ಅಲೆ ಕಡಿಮೆ ಒತ್ತಡದ ಅಲೆಯಾಗಿ ಹಿಂದಿರುಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರಿ ತೆಗೆಯುತ್ತದೆ. ಅದಕ್ಕೆ ಉದ್ದವೇ ಪ್ರಾಣ. ಟರ್ಬೊ ಇರುವಲ್ಲಿ ಕೊಳವೆಯ ತುದಿ ತೆರೆದಿಲ್ಲ, ಅರ್ಧ ಮುಚ್ಚಿದೆ. ಬಡಿದ ಅಲೆ ಒತ್ತಡವನ್ನು ಹೊತ್ತೇ ವಾಪಸು ಬರುತ್ತದೆ. ಹಾಗಾಗಿ ಹಳೆಯ ಸೂತ್ರವನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಲು ಬರುವುದಿಲ್ಲ.

ಗಿಡ್ಡ ಹಾದಿಯವರು

ಎದುರು ಪಂಥದವರು ಕಟ್ಟುವುದು ‘ಲಾಗ್’, ಅಂದರೆ ಮರದ ದಿಮ್ಮಿಯಂಥದ್ದು. ಉದ್ದಕ್ಕೆ ಒಂದು ದಪ್ಪ ಕೊಳವೆ, ಅದಕ್ಕೆ ಪ್ರತಿ ಸಿಲಿಂಡರಿನಿಂದ ಒಂದೊಂದು ಗಿಡ್ಡ ಮೋಟು, ನಡುವೆ ಟರ್ಬೊವನ್ನು ಬೋಲ್ಟ್ ಹಾಕಿ ಕೂರಿಸುವ ಚಪ್ಪಟೆ ಫ್ಲ್ಯಾಂಜ್. ನೋಡಲು ಒರಟು. ಆದರೆ ಅವರ ವಾದ ಒರಟಲ್ಲ. ಹೊಗೆಯಲ್ಲಿರುವ ಶಾಖವೇ ಟರ್ಬೈನಿನ ಆಹಾರ. ಉದ್ದ ಕೊಳವೆಯೆಂದರೆ ಶಾಖವನ್ನು ಬಾನೆಟ್ಟಿನೊಳಗೆ ಚೆಲ್ಲುವ ದೊಡ್ಡ ಮೈ. ಕೊಳವೆಗಳೊಳಗಿನ ಜಾಗ ಹೆಚ್ಚಿದಷ್ಟೂ ಪ್ರತಿ ಮಿಡಿತ ಆ ಜಾಗವನ್ನು ತುಂಬುವುದರಲ್ಲೇ ಸೊರಗಿ, ಕಾಲು ಒತ್ತಿದ ಮೇಲೆ ಬೂಸ್ಟ್, ಅಂದರೆ ಅದುಮಿದ ಗಾಳಿಯ ಒತ್ತಡ, ಏಳುವುದು ತಡವಾಗುತ್ತದೆ. ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಬೆಸುಗೆ ಕಡಿಮೆಯಿದ್ದಷ್ಟು ಬಿರುಕು ಬಿಡುವ ಜಾಗವೂ ಕಡಿಮೆ.

ಅಮೆರಿಕದ ಹವ್ಯಾಸಿಗಳು ಜನರಲ್ ಮೋಟಾರ್ಸ್‌ನ ಟ್ರಕ್ಕುಗಳ ವಿ-8 ಎಂಜಿನ್ನಿನ ಎರಕದ ಮ್ಯಾನಿಫೋಲ್ಡುಗಳನ್ನು ಬಿಚ್ಚಿ, ಹಿಂದುಮುಂದಾಗಿ ತಿರುಗಿಸಿ ಹಾಕಿ, ಅದಕ್ಕೇ ಟರ್ಬೊ ಕೂರಿಸುತ್ತಾರೆ. ಕಾರ್ಖಾನೆ ಕೊಟ್ಟ ಶಕ್ತಿಯ ದುಪ್ಪಟ್ಟನ್ನು ಆ ‘ಕೊಳಕು’ ಎರಕದಿಂದಲೇ ಪಡೆದವರು ಬಹಳ ಮಂದಿ.

ಈ ವಾದಕ್ಕೆ ದೊಡ್ಡ ಬಲ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 2014ರಲ್ಲಿ ಫಾರ್ಮುಲಾ ಒನ್ 1.6 ಲೀಟರಿನ ವಿ-6 ಟರ್ಬೊ ಎಂಜಿನ್ನಿಗೆ ಮರಳಿದಾಗ ಮರ್ಸಿಡಿಸ್ ತಂಡದ ಎಂಜಿನ್ನಿಗೆ ಇದ್ದದ್ದು ಲಾಗ್ ಮಾದರಿಯ ಅಡಕವಾದ ಮ್ಯಾನಿಫೋಲ್ಡ್. ಆ ವರ್ಷದ 19 ರೇಸುಗಳಲ್ಲಿ 16ನ್ನು ಅವರೇ ಗೆದ್ದರು. ಗೆಲುವಿಗೆ ಮ್ಯಾನಿಫೋಲ್ಡ್ ಒಂದೇ ಕಾರಣವಲ್ಲ. ಆದರೆ ಜಗತ್ತಿನ ಅತ್ಯುತ್ತಮ ಎಂಜಿನಿಯರುಗಳು ಶಾಖವನ್ನೂ ಜಾಗವನ್ನೂ ಉಳಿಸಲು ಅಲೆಗಳ ಹೊಂದಾಣಿಕೆಯನ್ನು ಬಿಟ್ಟುಕೊಡಲು ತಯಾರಿದ್ದರು ಎಂಬುದು ಖಚಿತವಾಯಿತು. ಮರುವರ್ಷ ಅದೇ ತಂಡ ಉದ್ದ ಕೊಳವೆಗಳ ಹೆಡರಿಗೆ ಬದಲಾಯಿತು. ಎರಡೂ ಪಂಥದವರು ಒಂದೇ ತಂಡವನ್ನು ತಮ್ಮ ಸಾಕ್ಷಿಯಾಗಿ ಕರೆಯುವುದು ಇದಕ್ಕೇ.

ಲಾಗಿನ ದೋಷವೂ ಸಣ್ಣದಲ್ಲ. ಒಂದೇ ದಿಮ್ಮಿಯೊಳಗೆ ಎಲ್ಲ ಮಿಡಿತಗಳೂ ನುಗ್ಗುವುದರಿಂದ ಒಂದು ಸಿಲಿಂಡರಿನ ಚಿಮ್ಮು ಆಗತಾನೆ ಖಾಲಿಯಾಗುತ್ತಿರುವ ಪಕ್ಕದ ಸಿಲಿಂಡರಿಗೆ ಹಿಂದಿನಿಂದ ಹೊಗುತ್ತದೆ. ಅಲ್ಲಿ ಬಿಸಿ ಹೊಗೆ ಉಳಿದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುವ ನಾಕಿಂಗ್ ಅಪಾಯ ಏರುತ್ತದೆ. ಹೆಚ್ಚು ವೇಗದಲ್ಲಿ ಎಂಜಿನ್ ಉಸಿರುಗಟ್ಟುತ್ತದೆ.

ಜೋಡಿ ಹೊಂದಿಸುವವರು

ಮೂರನೆಯ ಪಂಥ ಬ್ಯೂಕಿಯ 1925ರ ಪೇಟೆಂಟಿನ ನೇರ ವಾರಸುದಾರ. ಉದ್ದಕ್ಕಿಂತ ಯಾರ ಜೊತೆ ಯಾರು ಸೇರುತ್ತಾರೆ ಎಂಬುದು ಮುಖ್ಯ ಎನ್ನುತ್ತಾರೆ ಇವರು. ಎಕ್ಸಾಸ್ಟ್ ವಾಲ್ವ್ ಸುಮಾರು 240 ಡಿಗ್ರಿ ತೆರೆದಿರುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಮಿಡಿತಗಳ ಅಂತರವೋ 180 ಡಿಗ್ರಿ. ಅಂದರೆ ಪ್ರತಿ ಬಾರಿಯೂ ಹಿಂದಿನದು ಮುಗಿಯುವ ಮೊದಲೇ ಮುಂದಿನದು ಶುರು. 1-3-4-2 ಕ್ರಮದಲ್ಲಿ ಹೊತ್ತುವ ಎಂಜಿನ್ನಿನಲ್ಲಿ 1 ಮತ್ತು 4ನ್ನು ಒಂದು ಜೋಡಿ, 2 ಮತ್ತು 3ನ್ನು ಇನ್ನೊಂದು ಜೋಡಿ ಮಾಡಿದರೆ ಪ್ರತಿ ಜೋಡಿಯೊಳಗೆ ಅಂತರ 360 ಡಿಗ್ರಿಯಾಗುತ್ತದೆ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಬಾಯಿ ತೆರೆದಂತೆ. ಎರಡು ಜೋಡಿಗಳೂ ಟರ್ಬೈನಿನ ಬಾಯಿಯವರೆಗೆ ಪ್ರತ್ಯೇಕವಾಗಿಯೇ ಬರಬೇಕು. ಅದಕ್ಕೆ ಒಳಗೆ ಗೋಡೆಯಿರುವ ಟ್ವಿನ್ ಸ್ಕ್ರೋಲ್ ಟರ್ಬೊ ಬೇಕು.

ಆರು ಸಿಲಿಂಡರಿನ ಸಾಲು ಎಂಜಿನ್ ಇದಕ್ಕೆ ಹೇಳಿ ಮಾಡಿಸಿದ್ದು. ಮುಂದಿನ ಮೂರು ಒಂದು ಗುಂಪು, ಹಿಂದಿನ ಮೂರು ಇನ್ನೊಂದು. ಗುಂಪಿನೊಳಗೆ ತಾನಾಗಿಯೇ 240 ಡಿಗ್ರಿಯ ಅಂತರ, ಕೊಳವೆಗಳೂ ಒಂದರ ಮೇಲೊಂದು ಹತ್ತಬೇಕಿಲ್ಲ. ಸುಬಾರುವಿನಲ್ಲಿ ಮಾತ್ರ ಕಷ್ಟ. ಅಲ್ಲಿ 1-3-2-4 ಕ್ರಮ. 1 ಮತ್ತು 2 ಜೋಡಿಯಾಗಬೇಕು, ಆದರೆ ಅವು ಎಂಜಿನ್ನಿನ ಎದುರುಬದುರು ಬದಿಗಳಲ್ಲಿವೆ. ಕೊಳವೆ ಎಂಜಿನ್ನಿನ ಅಡಿಯಿಂದ ದಾಟಿ ಹೋಗಬೇಕು. ಬಿ.ಎಂ.ಡಬ್ಲ್ಯು. 2009ರಲ್ಲಿ ತನ್ನ ಎಕ್ಸ್5 ಎಂ ಕಾರಿನ ವಿ-8 ಎಂಜಿನ್ನಿಗೆ ಎರಡು ಬದಿಯ ಕೊಳವೆಗಳನ್ನು ಅಡ್ಡಡ್ಡ ಹೆಣೆದ ಮ್ಯಾನಿಫೋಲ್ಡ್ ಕೊಟ್ಟದ್ದೂ ಇದೇ ಜೋಡಿಗಾಗಿ.

ನನ್ನ ತೀರ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಮೂರರಲ್ಲಿ ಭೌತಶಾಸ್ತ್ರ ಹೆಚ್ಚು ಒಲಿದಿರುವುದು ಮೂರನೆಯವರಿಗೆ. 11 ಡಿಗ್ರಿಯ ಏರುಪೇರು ಸರಿಪಡಿಸುವುದಕ್ಕಿಂತ 180ನ್ನು 360 ಮಾಡುವುದು ದೊಡ್ಡ ಲಾಭ. ಮನೆಯಲ್ಲಿ ಕಟ್ಟುವವನಿಗೆ ಇದರ ಬೆಲೆಯೂ ದೊಡ್ಡದು. ಎರಡು ಕಲೆಕ್ಟರ್ ಬೇಕು, ಒಳಗೋಡೆಯಿರುವ ಫ್ಲ್ಯಾಂಜ್ ಬೇಕು. ಹೆಚ್ಚಾದ ಹೊಗೆಯನ್ನು ಹೊರಬಿಡುವ ವೇಸ್ಟ್‌ಗೇಟಿಗೆ ಎರಡೂ ಕಡೆಯಿಂದ ದಾರಿ ಕೊಡಬೇಕು; ಆ ದಾರಿ ಇಕ್ಕಟ್ಟಾದರೆ ಬೂಸ್ಟ್ ಹಿಡಿತ ತಪ್ಪಿ ಏರುತ್ತದೆ. ಜೋಡಿ ಮಾಡುವ ನೆಪದಲ್ಲಿ ಕೊಳವೆಗಳನ್ನು ಒಂದು ಮೀಟರ್ ಉದ್ದ ಮಾಡಿದರೆ ಗಿಡ್ಡ ಹಾದಿಯವರ ಆಕ್ಷೇಪವೆಲ್ಲ ನಿಜವಾಗುತ್ತದೆ. ಗಿಡ್ಡದಾಗಿ, ಜೋಡಿಯಾಗಿ ಕಟ್ಟಿ. ಸಮ ಉದ್ದ ತಾನಾಗಿ ದಕ್ಕಿದರೆ ದಕ್ಕಲಿ.

ಮಿಡಿತದ ಪಂಥಕ್ಕೆ ಸಮುದ್ರದಲ್ಲೊಂದು ಹಿನ್ನಡೆಯಾಗಿದೆ ಎಂಬುದನ್ನೂ ಮರೆಯಬಾರದು. ಬ್ಯೂಕಿಯ ವಿಧಾನ ಹುಟ್ಟಿದ್ದು ಹಡಗಿಗಾಗಿ. ಟರ್ಬೊಗಳ ದಕ್ಷತೆ ಏರಿದ ಮೇಲೆ, 1970-80ರ ದಶಕಗಳಲ್ಲಿ, ದೊಡ್ಡ ಹಡಗಿನ ಎಂಜಿನ್ನುಗಳವರೇ ಅದನ್ನು ಬಿಟ್ಟು, ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದು ದೊಡ್ಡ ಪೀಪಾಯಿಯಲ್ಲಿ ಕಲೆಸುವ ಸ್ಥಿರ ಒತ್ತಡದ ವಿಧಾನಕ್ಕೆ ಹೋದರು. ಹಡಗು ದಿನಗಟ್ಟಲೆ ಒಂದೇ ವೇಗದಲ್ಲಿ ಓಡುತ್ತದೆ. ಕಾರು ಓಡಿಸುವವನ ಕಾಲು ಪೆಡಲಿನ ಮೇಲೆ ಕುಣಿಯುತ್ತಿರುತ್ತದೆ. ಎಂಜಿನ್ನಿನ ಕೆಲಸ ಬದಲಾದರೆ ಉತ್ತರವೂ ಬದಲಾಗುತ್ತದೆ.

ಲೋಹದ ಜಗಳ

ಈಗ ನಮ್ಮ ಬಿರುಕಿಗೆ ಬರುತ್ತೇನೆ. ಪೂರ್ತಿ ಭಾರದಲ್ಲಿ ಪೆಟ್ರೋಲ್ ಟರ್ಬೊ ಎಂಜಿನ್ನಿನ ಹೊಗೆ 850ರಿಂದ 950 ಡಿಗ್ರಿ ಮುಟ್ಟುತ್ತದೆ. ಕತ್ತಲಲ್ಲಿ ಹೆಡರ್ ಕೆಂಡದಂತೆ ಹೊಳೆಯುವುದು ಕಾಣುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ 40 ಸೆಂಟಿಮೀಟರ್ ಉದ್ದದ ಕೊಳವೆ 700 ಡಿಗ್ರಿ ಕಾದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಒಂದು ತುದಿಯಲ್ಲಿ ನೀರಿನಿಂದ ತಣ್ಣಗಿರುವ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಅದನ್ನು ಬಿಗಿಹಿಡಿದಿದೆ. ಇನ್ನೊಂದು ತುದಿಯಲ್ಲಿ ಏಳೆಂಟು ಕಿಲೋ ತೂಗುವ ಟರ್ಬೊ ನೇತಾಡುತ್ತಿದೆ. ಬೆಳೆಯಲು ಜಾಗವಿಲ್ಲದ ಲೋಹ ತನ್ನನ್ನು ತಾನೇ ಅದುಮಿಕೊಳ್ಳುತ್ತದೆ, ಆರಿದಾಗ ಎಳೆದುಕೊಳ್ಳುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವಂತೆ, ಪ್ರತಿ ಓಟವೂ ಅದಕ್ಕೊಂದು ಬಗ್ಗು. ಎಲ್ಲ ಬಲವೂ ಬಂದು ಸೇರುವ ಕಲೆಕ್ಟರಿನ ಸಂದಿಯೇ ಮೊದಲು ಸೋಲುತ್ತದೆ.

ಯಾವ ಲೋಹ ಎಂಬುದರಲ್ಲಿ ಮೂರು ಬಣ. ಮೊದಲನೆಯವರು ಆವಿಯ ಪೈಪಿನವರು. ಕಾರ್ಖಾನೆಗಳ ಸ್ಟೀಮ್ ಲೈನಿಗೆ ಬಳಸುವ ದಪ್ಪ ಗೋಡೆಯ ಎಲ್ಬೋಗಳನ್ನು ಕೊಂಡು ಕತ್ತರಿಸಿ ಬೆಸೆಯುತ್ತಾರೆ. ಒಂದೂಕಾಲು ಇಂಚಿನ ಶೆಡ್ಯೂಲ್ 40 ಎಲ್ಬೋದ ಗೋಡೆ 3.56 ಮಿಲಿಮೀಟರ್, ಶೆಡ್ಯೂಲ್ 10 ಆದರೆ 2.77. ತೂಕ ಹೆಚ್ಚು, ಆದರೆ ಟರ್ಬೊದ ಭಾರ ಹೊರುತ್ತದೆ, ಹೊಸಬನ ಬೆಸುಗೆಯ ತಪ್ಪನ್ನೂ ಒಂದಿಷ್ಟು ತಾಳಿಕೊಳ್ಳುತ್ತದೆ. ಪೀಣ್ಯದ ಪೈಪ್ ಅಂಗಡಿಗಳಲ್ಲೂ ಕೇಳಿದರೆ ಸಿಗುವ ಮಾಲು ಇದು. ಸಾದಾ ಉಕ್ಕಿನ (ಎಂ.ಎಸ್.) ಪೈಪಿನದೂ ಮಾಡುತ್ತಾರೆ, ಅದು ಕಾವಿಗೆ ಪೊರೆ ಪೊರೆಯಾಗಿ ಸುಲಿಯುತ್ತದೆ, ಆ ಚೂರು ಟರ್ಬೈನಿಗೆ ಬಡಿಯುತ್ತದೆ.

ಎರಡನೆಯವರು ತೆಳುಗೋಡೆಯ 304ರವರು. 1.6 ಮಿಲಿಮೀಟರ್ ಆಸುಪಾಸಿನ ಹಗುರ ಕೊಳವೆ, ನುಣುಪಾದ ಬಾಗು. ನಮ್ಮ ಕಡೆ ಹಾಲಿನ ಡೇರಿ ಸಾಮಾನು ಮಾರುವಲ್ಲಿ ಸಿಗುವ ಹೊಳೆಯುವ ಬೆಂಡುಗಳು ಇದೇ ಜಾತಿಯವು. ನಾವು ಕೊಂಡದ್ದೂ ಅವನ್ನೇ. ಹಾಲಿಗೆ ಅವು ಚಿನ್ನ. 425ರಿಂದ 860 ಡಿಗ್ರಿಯ ನಡುವೆ ಬಹಳ ಹೊತ್ತು ಕಳೆದರೆ ಮಾತ್ರ 304ರೊಳಗಿನ ಇಂಗಾಲ ಕ್ರೋಮಿಯಮ್ಮನ್ನು ಹಿಡಿದುಕೊಂಡು ಲೋಹದ ಕಣಗಳ ಅಂಚಿನಲ್ಲಿ ಕೂರುತ್ತದೆ, ಅಂಚುಗಳು ಸೊರಗುತ್ತವೆ. ಮೂರನೆಯ ಬಣ 321 ಅಥವಾ 347 ಬೇಕೆನ್ನುವುದು ಇದಕ್ಕೇ. 321ರಲ್ಲಿ ಟೈಟಾನಿಯಂ, 347ರಲ್ಲಿ ನಯೋಬಿಯಂ ಇದ್ದು ಇಂಗಾಲವನ್ನು ತಾವೇ ಕಟ್ಟಿಹಾಕುತ್ತವೆ. ಬೆಲೆ ಹೆಚ್ಚು. ಅದಕ್ಕೂ ಮೇಲೆ, ರೇಸ್ ತಂಡಗಳ ಮಟ್ಟದಲ್ಲಿ, ನಿಕಲ್ ಮಿಶ್ರಲೋಹವಾದ ಇನ್‌ಕೊನೆಲ್.

ಕೊಳವೆಗೆ ಶಾಖದ ಪಟ್ಟಿ ಸುತ್ತಬೇಕೇ ಎಂಬುದು ಈ ಜಗಳದ ಉಪಶಾಖೆ. ಸುತ್ತಿದರೆ ಶಾಖ ಟರ್ಬೈನಿಗೆ ಉಳಿಯುತ್ತದೆ, ಪಕ್ಕದ ವೈರು ಕರಗುವುದಿಲ್ಲ. ಆದರೆ ಹೊರಗೆ ಚೆಲ್ಲದ ಶಾಖ ಲೋಹವನ್ನು ಇನ್ನಷ್ಟು ಕಾಯಿಸುತ್ತದೆ. ತೆಳು 304ಕ್ಕೆ ಪಟ್ಟಿ ಸುತ್ತುವುದು ಜ್ವರ ಬಂದವರಿಗೆ ಕಂಬಳಿ ಹೊದಿಸಿದಂತೆ. ನಾನಂತೂ ಮತ್ತೆ ಮಾಡುವುದಿಲ್ಲ.

ಶೆಡ್ಡಿನೊಳಗೆ

ಕೆಲಸ ಶುರುವಾಗಬೇಕಾದದ್ದು ಕೊಳವೆಯಿಂದಲ್ಲ, ಟರ್ಬೊದಿಂದ. ಅದು ಎಲ್ಲಿ ಕೂರುತ್ತದೆ, ಆಯಿಲ್ ವಾಪಸು ಹರಿಯುವ ಪೈಪಿಗೆ ಇಳಿಜಾರು ಇದೆಯೇ, ಸ್ಟೀರಿಂಗ್ ದಂಡಕ್ಕೆ, ಬ್ರೇಕ್ ಪೈಪಿಗೆ ಎಷ್ಟು ದೂರ ಎಂದು ನೋಡಿ, ಟರ್ಬೊವನ್ನು ಒಂದು ತಾತ್ಕಾಲಿಕ ಕಂಬಿಗೆ ಬಿಗಿದು ನಿಲ್ಲಿಸಬೇಕು. ಆಮೇಲೆ ಪಿ.ವಿ.ಸಿ. ಪೈಪಿನ ತುಂಡುಗಳಿಂದಲೋ ಜೋಡಿಸುವ ಪ್ಲಾಸ್ಟಿಕ್ ಬಿಲ್ಲೆಗಳಿಂದಲೋ ದಾರಿ ಹಾಕಿ ನೋಡುವುದು. ಈಗ ತ್ರೀಡಿ ಪ್ರಿಂಟರಿನಲ್ಲಿ ಮಾದರಿ ತೆಗೆದು ಕೂರಿಸಿ ನೋಡುವವರೂ ಇದ್ದಾರೆ. ಸ್ಪಾನರ್ ಹೋಗದ ನಟ್ಟು ಕೊನೆಯಲ್ಲಿ ಸಿಕ್ಕಿ ಅಳಿಸುತ್ತದೆ; ಪ್ರತಿ ನಟ್ಟಿಗೂ ಮೊದಲೇ ಸ್ಪಾನರ್ ಹಾಕಿ ನೋಡಿ.

ಹೆಡ್ಡಿಗೆ ಕೂರುವ ಫ್ಲ್ಯಾಂಜ್ 10ರಿಂದ 12 ಮಿಲಿಮೀಟರ್ ದಪ್ಪದ್ದು ಇರಲಿ. ಬೆಸೆಯುವಾಗ ಅದನ್ನು ಹಾಳಾದ ಹೆಡ್ಡಿಗೋ ದಪ್ಪ ತಗಡಿಗೋ ಬೋಲ್ಟ್ ಹಾಕಿ ಬಿಗಿಯದಿದ್ದರೆ ಬಾಳೆಹಣ್ಣಿನಂತೆ ಬಾಗುತ್ತದೆ. ಬಿಗಿದರೂ ಒಂದಿಷ್ಟು ಬಾಗುತ್ತದೆ. ಕೊನೆಗೆ ಮಿಲ್ಲಿಂಗ್ ಮಾಡಿಸಲೇಬೇಕು. ಸಿಲಿಂಡರುಗಳ ನಡುವೆ ಫ್ಲ್ಯಾಂಜನ್ನು ಗರಗಸದಿಂದ ಸೀಳಿಬಿಡುವುದು ಹಳಬರ ಜಾಣತನ, ಪ್ರತಿ ತುಂಡೂ ತನ್ನಷ್ಟಕ್ಕೆ ಬೆಳೆಯುತ್ತದೆ. ಮೊದಲು ಎಲ್ಲವನ್ನೂ ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ, ಕಾರಿಗೆ ಕೂರಿಸಿ ನೋಡಿ, ಬಿಚ್ಚಿ, ಒಂದು ಕಡೆಯಲ್ಲೇ ಕಾವು ಕೂಡದ ಹಾಗೆ ಅಲ್ಲೊಂದು ಇಲ್ಲೊಂದು ಬೆಸೆಯುತ್ತ ಹೋಗಬೇಕು. 304ಕ್ಕೆ 304 ಸೇರಿಸಲು 308ಎಲ್ ರಾಡು; ಸ್ಟೇನ್‌ಲೆಸ್‌ಗೆ ಎಂ.ಎಸ್. ಸೇರಿಸಲು 309ಎಲ್, 321ಕ್ಕೆ 347. ಕೊಳವೆಯ ಎರಡೂ ಬಾಯಿ ಮುಚ್ಚಿ ಒಳಗೂ ಆರ್ಗಾನ್ ತುಂಬಬೇಕು. ಪೀಣ್ಯದ ಮೇಸ್ತ್ರಿ ಕೇಳಿದ ಒಂದೇ ಪ್ರಶ್ನೆ ಇದು. ಟರ್ಬೊದ ಭಾರವನ್ನು ಎಂಜಿನ್ ಬ್ಲಾಕಿಗೆ ಕೊಡುವ ಒಂದು ಆಸರೆ ಕಂಬಿ ಇಡಿ. ಹೆಡರಿಗೂ ಟರ್ಬೊಗೂ ನಡುವಿನ ಸ್ಟಡ್‌ಗಳು ಕಾವಿಗೆ ಉದ್ದವಾಗಿ ಸಡಿಲಗೊಳ್ಳುವುದು ಎಂ.ಎಕ್ಸ್-5ರವರ ಹಳೆಯ ಗೋಳು. ಅವರಲ್ಲಿ ಹಲವರು ಕೊನೆಗೆ ಇನ್‌ಕೊನೆಲ್ ಸ್ಟಡ್‌ಗಳಿಗೆ ಶರಣಾದರು.

ಇನ್ನೊಂದು ವಿಷಯ, ಇದಕ್ಕೆ ಪಂಥಗಳಿಲ್ಲ. ಸ್ಟೇನ್‌ಲೆಸ್ ಬೆಸೆಯುವ ಹೊಗೆಯಲ್ಲಿ ಕ್ಯಾನ್ಸರ್ ತರುವ ಕ್ರೋಮಿಯಂ ಇರುತ್ತದೆ. ಸತು ಲೇಪಿಸಿದ ಜಿ.ಐ. ಪೈಪ್ ಬೆಸೆದರೆ ರಾತ್ರಿ ಚಳಿಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹದ ಮೇಲೆ ವೆಲ್ಡಿಂಗ್ ಕಿಡಿ ಬಿದ್ದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಆರ್ಗಾನ್ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯ ತಳದಲ್ಲಿ ನಿಂತು ಉಸಿರುಗಟ್ಟಿಸುತ್ತದೆ. ಬಾಗಿಲು ತೆರೆದಿಡಿ, ಮಾಸ್ಕ್ ಹಾಕಿ, ಒಬ್ಬರೇ ಕೆಲಸ ಮಾಡಬೇಡಿ.

ಕಾನೂನಿನ ಗೆರೆ

ಭಾರತದ ರಸ್ತೆಗೆ ಈ ಹವ್ಯಾಸ ಹೊಂದುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ವಿವರಗಳಿಂದ ವಾಹನ ಬೇರೆಯಾಗುವಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಇಂಥ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಇದರಲ್ಲಿ ನ್ಯಾಯವೂ ಇದೆ. ಉದ್ದ ಹೆಡರ್ ಹೊಗೆಯ ಕಾವನ್ನು ಇಳಿಸುವುದರಿಂದ ವಿಷಾನಿಲ ತಡೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಿ ಕೆಲಸ ಶುರುಮಾಡುವುದು ತಡವಾಗುತ್ತದೆ. ಆ ಹೊಗೆ ಕುಡಿಯುವವರು ಬೀದಿಯ ಜನ. ಕಟ್ಟಿದ್ದು ಟ್ರ್ಯಾಕಿನಲ್ಲೇ ಓಡಲಿ.

ಇನ್ನೂ ಇತ್ಯರ್ಥವಾಗದ್ದು

ನೂರು ವರ್ಷದ ಮೇಲೂ ಕೆಲವು ಗಂಟು ಬಿಚ್ಚಿಲ್ಲ. ಸಮಾನ ಉದ್ದದಿಂದ ಬರುವ ಲಾಭವೆಷ್ಟು, ಜೋಡಿ ಮಾಡಿದ್ದರಿಂದ ಬರುವ ಲಾಭವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ, ಏಕೆಂದರೆ ಹೆಡರ್ ಬದಲಿಸುವವರು ಅದರ ಜೊತೆಗೇ ಟರ್ಬೊ, ವೇಸ್ಟ್‌ಗೇಟ್, ಇಂಧನದ ಲೆಕ್ಕ ಎಲ್ಲವನ್ನೂ ಬದಲಿಸಿಬಿಡುತ್ತಾರೆ. ಶಕ್ತಿ ಏರಿತು ಎಂಬುದು ನಿಜ; ಯಾವುದರಿಂದ ಎಂಬುದು ತಕರಾರು. ಕೊಳವೆಯ ಒಳವ್ಯಾಸ ಎಲ್ಲಿಯವರೆಗೆ ಸಣ್ಣದಾಗಿದ್ದರೆ ಮಿಡಿತಕ್ಕೆ ಲಾಭ, ಎಲ್ಲಿಂದ ಆಚೆ ಉಸಿರುಗಟ್ಟು ಎಂಬ ಗಡಿಯೂ ಎಂಜಿನ್ನಿನಿಂದ ಎಂಜಿನ್ನಿಗೆ ಸರಿಯುತ್ತದೆ. ದಪ್ಪ 304 ಹೆಚ್ಚು ಬಾಳುತ್ತದೋ ತೆಳು 321 ಹೆಚ್ಚು ಬಾಳುತ್ತದೋ ಎಂಬುದರಲ್ಲಿ ಎರಡೂ ಕಡೆ ಬಿರುಕು ಬಿಟ್ಟವೂ ಇವೆ, ವರ್ಷಗಟ್ಟಲೆ ಬಾಳಿದವೂ ಇವೆ; ಬೆಸುಗೆ ಹಾಕಿದ ಕೈ ಬೇರೆ ಬೇರೆ.

ಇತ್ತ ಕಾರ್ಖಾನೆಗಳು ಪ್ರಶ್ನೆಯನ್ನೇ ಅಳಿಸಿಹಾಕುತ್ತಿವೆ. ಫೋರ್ಡ್ 2012ರಲ್ಲಿ ತಂದ 1.0 ಲೀಟರಿನ ಇಕೊಬೂಸ್ಟ್ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಪ್ರತ್ಯೇಕವಾಗಿಲ್ಲ, ಹೆಡ್ಡಿನ ಎರಕದೊಳಗೇ ಸೇರಿದೆ. ಹೊರಗೆ ಒಂದೇ ಬಾಯಿ, ಅದಕ್ಕೆ ನೇರವಾಗಿ ಟರ್ಬೊ. ಅಂಥ ಎಂಜಿನ್ನಿನಲ್ಲಿ ಹೆಡರ್ ಕಟ್ಟಲು ಕೊಳವೆಯೇ ಇಲ್ಲ. ಈ ಕಲೆ ಇನ್ನು ಹಳೆಯ ಎಂಜಿನ್ನುಗಳ ಸುತ್ತಲೇ ಉಳಿಯಬಹುದು.

ಕಟ್ಟುವವರಲ್ಲಿ ನನ್ನದೊಂದು ಕೋರಿಕೆ. ಬೆಸೆಯುವ ಮೊದಲು ಕಲೆಕ್ಟರಿನಲ್ಲಿ ಒಂದು ಸಣ್ಣ ತೂತು ಕೊರೆದು, ಅದಕ್ಕೆ ಉದ್ದನೆಯ ಸಪೂರ ಉಕ್ಕಿನ ಪೈಪ್ ಸುರುಳಿ ಬೆಸೆದು, ತುದಿಗೆ ಒತ್ತಡದ ಮೀಟರ್ ಹಾಕಿ. ಟರ್ಬೈನಿನ ಹಿಂದಿನ ಒತ್ತಡ ಎಷ್ಟು, ಅದೇ ಗಳಿಗೆಯ ಬೂಸ್ಟ್ ಎಷ್ಟು ಎಂದು ಬರೆದಿಡಿ. ಹೆಡರ್ ಒಂದನ್ನೇ ಬದಲಿಸಿ ಮತ್ತೆ ಬರೆದಿಡಿ. ನಮ್ಮ ಎರಡನೆಯ ಹೆಡರನ್ನು ಶೆಡ್ಯೂಲ್ 10 ಎಲ್ಬೋಗಳಲ್ಲಿ, ಒಳಗೆ ಆರ್ಗಾನ್ ತುಂಬಿ, 1-4 ಮತ್ತು 2-3 ಜೋಡಿ ಮಾಡಿ ಕಟ್ಟುತ್ತಿದ್ದೇವೆ. ಎರಡೂ ಕಲೆಕ್ಟರಿಗೆ ತೂತು ಕೊರೆದಾಗಿದೆ.